ಅಕ್ಕನ ಕೆಮ್ಮಿಗೆ ಅಪ್ಪನ ಉತ್ತರ

1983ರ ಫೆಬ್ರುವರಿ 17, ಗುರುವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಬೆಳಗಾವಿಯ ನಮ್ಮ ಮನೆಯ ಮುಂದೆ ಟಾಂಗಾ ನಿಂತಿತು. ಮೊದಲು ಅಕ್ಕ ಇಳಿದಳು, ಆಮೇಲೆ ಅವಳ ಮಾವ, ಆಮೇಲೆ ಟ್ರಂಕು. ಕೂಸು ಇಳಿಯಲಿಲ್ಲ. ನಾನು ಟಾಂಗಾದೊಳಗೆ ಬಗ್ಗಿ ನೋಡಿದೆ. ಕುದುರೆಯ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. "ಕೂಸೆಲ್ಲಿ ಅಕ್ಕಾ?" ಎಂದರೆ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವಳ ಮಗನಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಇನ್ನೂ ಮೊಲೆಹಾಲು ಬಿಟ್ಟಿರಲಿಲ್ಲ.

ನಾನಾಗ ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಡೈರಿ ಬರೆಯುವುದು, ಲೆಕ್ಕ ಇಡುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಮೊದಲ ಮಳೆ ಯಾವತ್ತು ಬಿತ್ತು, ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕುಳಿತರು, ಎಲ್ಲ ಬರೆದಿಡುತ್ತೇನೆ. ಆ ಡೈರಿಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಆರಿದ ಮೇಲೆ ಬರೆದರೆ ಚೆನ್ನಾಗಿರುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಅದು ಆರುವವರೆಗೆ ಕಾಯುವ ಮನಸ್ಸು ನನಗಿಲ್ಲ.

ಅಕ್ಕನ ಮಾವನದು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ಹೊಲಮನೆ ಇರುವ ದೊಡ್ಡ ಕುಟುಂಬ. ಅವರು ಆ ದಿನ ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಅಪ್ಪನಿಗೆ ಹೇಳಿದರು:

"ಟೀಬಿ ಅಂದಾರ್ರೀ ಬೀಗರ. ಎಕ್ಸರೇದಾಗ ಬಲಗಡಿ ಕಲಿ ಬಿದ್ದಂಗ ಡಾಗ ಕಾಣಸ್ತದ. ಕೂಸಿನ ಮನಿ, ನೋಡ್ರಿ. ಗುಣ ಆಗಲಿ, ಆಮ್ಯಾಲ ಕರಕೊಂಡ ಹೋಗ್ತೀವಿ."

"ಖರೇ, ಖರೇ. ನೀವು ಹೇಳೂದು ಬರೋಬ್ಬರಿ ಐತಿ," ಎಂದರು ಅಪ್ಪ.

ಅಪ್ಪನದು ಪೇಟೆಯಲ್ಲಿ ಹಗ್ಗ ಮತ್ತು ಗೋಣಿಚೀಲದ ಅಂಗಡಿ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನಿಗೆ ಏನು ಬೇಕೆಂದು ಹೇಳಿಬಿಡುವುದು ಅವರ ರೂಢಿ. ಮನೆಯಲ್ಲೂ ಹಾಗೆಯೇ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಮೊಲೆ ಬಿಗಿದು ಕುಪ್ಪಸ ಒದ್ದೆಯಾಗಿತ್ತು. ಅವಳಿಗೆ ಏನನ್ನಿಸುತ್ತದೆ ಎಂದು ಆ ಪಡಸಾಲೆಯಲ್ಲಿ ಯಾರೂ ಕೇಳಲಿಲ್ಲ. ಇಬ್ಬರು ಗಂಡಸರು ಬಾಡಿಗೆಗೆ ಕೊಟ್ಟ ಎತ್ತನ್ನು ಹಿಂದಿರುಗಿಸುವ ಮಾತು ಮುಗಿಸಿದಂತೆ ಮುಗಿಸಿ ಎದ್ದರು.

ಮಾರನೆಯ ದಿನ ಅಪ್ಪ ಅವಳನ್ನು ನಮ್ಮ ಮನೆಯ ಡಾಕ್ಟರ ಬಳಿ ಕರೆದೊಯ್ದರು. ನಾನೂ ಹೋಗಿದ್ದೆ, ಎಕ್ಸ್‌ರೇ ಚೀಲ ಹಿಡಿದುಕೊಳ್ಳಲು. ಡಾಕ್ಟರು ಅಕ್ಕನ ಕಡೆ ತಿರುಗಿ, "ಕೆಮ್ಮು ಎಂದಿನಿಂದ?" ಎಂದರು.

"ದೀಪಾವಳಿಯಿಂದ್ರಿ," ಎಂದರು ಅಪ್ಪ. ಬೀಗರು ಹೇಳಿದ್ದು ಅದು. ದೀಪಾವಳಿಯ ಹೊತ್ತಿಗೆ ಅಕ್ಕನಿಗೆ ಜ್ವರ ಬಂದಿತ್ತು, ಬೀಡಿಯವರಿಗೆ ಅವಳ ಕೆಮ್ಮು ಕಿವಿಗೆ ಬಿದ್ದದ್ದು ಆಗ. ಅಲ್ಲಿಂದ ಮುಂದೆ ಎಲ್ಲ ಚೀಟಿಗಳಲ್ಲೂ ದೀಪಾವಳಿಯೇ ಬಂತು.

"ಕಫ ಬೀಳ್ತದೇನು?"

"ಬೀಳ್ತದ್ರಿ."

"ಎದಿ ನೋವು?"

"ಅಷ್ಟೇನಿಲ್ರಿ."

ಎದೆ ಅಕ್ಕನದು. ನೋವು ಎಷ್ಟಿದೆ ಎಂದು ಅಪ್ಪನಿಗೆ ಹೇಗೆ ಗೊತ್ತು? ನಾನು ಅಕ್ಕನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ದಿನಕ್ಕೊಂದು ಸೂಜಿ, ಜೊತೆಗೆ ಗುಳಿಗೆ. ಸೂಜಿಯಿಂದ ಅಕ್ಕನಿಗೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು, ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಕಫವನ್ನು ಮೂರು ಸಲ ಪರೀಕ್ಷೆಗೆ ಕೊಟ್ಟೆವು. ಮೂರು ಸಲವೂ ಅದರಲ್ಲಿ ಟೀಬಿಯ ಹುಳ ಸಿಗಲಿಲ್ಲ. "ಕಫದಾಗ ಸಿಗಲಿಲ್ಲಂದ್ರೂ ಒಳಗ ಇರ್ತದ," ಎಂದರು ಡಾಕ್ಟರು. ಅದು ಸುಳ್ಳಲ್ಲವಂತೆ, ಹಾಗೂ ಆಗುವುದುಂಟಂತೆ. ಆದರೆ ಬೇರೆ ಏನಾದರೂ ಇರಬಹುದೇ ಎಂಬ ಮಾತು ಹದಿಮೂರು ತಿಂಗಳಲ್ಲಿ ಒಮ್ಮೆಯೂ ಅವರ ಬಾಯಿಂದ ಬರಲಿಲ್ಲ.

ಮನೆಯಲ್ಲಿ ಅವ್ವ ಬಚ್ಚಲ ಪಕ್ಕದ ಕಟ್ಟಿಗೆ ಕೋಣೆಯನ್ನು ಖಾಲಿ ಮಾಡಿ ಅಕ್ಕನಿಗೆ ಹಾಸಿಗೆ ಹಾಕಿದಳು. ಒಂದು ಅಲ್ಯೂಮಿನಿಯಂ ತಾಟು ಮತ್ತು ತಂಬಿಗೆ ತಂದು, ಮೊಳೆಯಿಂದ ಅಂಚಿನ ಮೇಲೆ ಅಡ್ಡ ಗೀರಿದಳು, ಬೇರೆ ಪಾತ್ರೆಗಳ ಜೊತೆ ಕೂಡದಿರಲಿ ಎಂದು. ಅವ್ವ ಅಳುತ್ತಲೇ ಗೀರಿದಳು, ಗೀರುವುದನ್ನು ಮಾತ್ರ ಬಿಡಲಿಲ್ಲ. ಪಕ್ಕದ ಮನೆಯಾಕೆ, ನಾವು ಕಾಕು ಎಂದು ಕರೆಯುವವಳು, ತನ್ನ ಮಕ್ಕಳು ನಮ್ಮ ಅಂಗಳಕ್ಕೆ ಕಾಲಿಟ್ಟರೆ ಸಾಕು, "ತಿಕಡೆ ಜಾಊ ನಕೋ ರೇ!" ಆ ಕಡೆ ಹೋಗಬೇಡವೋ ಎಂದು ಮರಾಠಿಯಲ್ಲಿ ಕೂಗಿ ಒಳಗೆಳೆದುಕೊಳ್ಳುತ್ತಿದ್ದಳು. ಅದೇ ಕಾಕು ಅಕ್ಕನ ಮದುವೆಯಲ್ಲಿ ಮೂರು ದಿನ ನಮ್ಮ ಮನೆಯಲ್ಲೇ ಉಂಡವಳು.

ಅಕ್ಕನ ಗಂಡ ಬೆಳಗಾವಿ ಪಕ್ಕದ ಮಚ್ಛೆಯ ಒಂದು ಸಣ್ಣ ಕಾರಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ವಾರವಿಡೀ ಅಲ್ಲೇ ಒಂದು ಖೋಲಿಯಲ್ಲಿ ಇರುವುದು, ರವಿವಾರ ಬೀಡಿಗೆ ಹೋಗುವುದು. ಹೋಗುವ ಮೊದಲು ಎಂದಾದರೂ ನಮ್ಮ ಮನೆಗೆ ಬಂದರೆ ಹೊಸ್ತಿಲ ಹೊರಗೆ ನಿಂತು, "ಹ್ಯಾಂಗದಾಳ?" ಎಂದು ಅವ್ವನನ್ನು ಕೇಳುತ್ತಿದ್ದರು. ಒಳಗಿನಿಂದ ಅಕ್ಕನೇ, "ಆರಾಮ ಅದೀನ್ರಿ. ಕೂಸು ಹ್ಯಾಂಗದಾನ?" ಎನ್ನುತ್ತಿದ್ದಳು. "ಅದಾನ," ಎನ್ನುತ್ತಿದ್ದರು. ಅಷ್ಟೇ.

ಕೂಸನ್ನು ಅಕ್ಕ ಆ ಇಡೀ ಕಾಲದಲ್ಲಿ ನೋಡಿದ್ದು ಒಂದೇ ಸಲ, 1983ರ ಮೇ ತಿಂಗಳಲ್ಲಿ. ಯಾರದೋ ಮದುವೆಗೆ ಸೀರೆ ಕೊಳ್ಳಲು ಅತ್ತೆ ಮತ್ತು ಅಕ್ಕನ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ, ಬೆಳಗಾವಿಗೆ ಬಂದಿದ್ದರು. ಬಸ್ ನಿಲ್ದಾಣಕ್ಕೆ ಬಂದರೆ ತೋರಿಸುತ್ತೇವೆ ಎಂದು ಹೇಳಿ ಕಳಿಸಿದ್ದರು. ನಾವು ಹೋದೆವು. ಅವರು ಆ ಕಡೆಯ ಕಟ್ಟೆಯ ಮೇಲೆ, ನಾವು ಈ ಕಡೆ. ನಡುವೆ ಬಸ್ಸು ಬಂದು ಹೋಗುವ ದಾರಿ. ವಾರಗಿತ್ತಿ ಅವನನ್ನು ಎತ್ತಿ ಹಿಡಿದು, "ನೋಡು, ಯಾರು ಬಂದಾರ ನೋಡು!" ಎಂದಳು. ಅವನು ಅಕ್ಕನನ್ನು ನೋಡಿದ, ತಿರುಗಿ ವಾರಗಿತ್ತಿಯ ಕೊರಳು ತಬ್ಬಿ "ಅವ್ವಾ" ಎಂದ. ನಡುವೆ ಖಾನಾಪುರದ ಬಸ್ಸು ಬಂದು ನಿಂತಿತು. ಅದು ಹೋದಾಗ ಆ ಕಡೆ ಅವರಿರಲಿಲ್ಲ.

ಅಕ್ಕ ಅಳಲಿಲ್ಲ. ಮನೆಗೆ ಬರುವಾಗ ಒಂದೇ ಮಾತು ಆಡಿದಳು: "ನಾ ಸತ್ತರೂ ಅಡ್ಡಿಯಿಲ್ಲ. ಆದ್ರ ಅವನಿಗೆ ಅವ್ವ ಯಾರಂತ ಗೊತ್ತಾಗೂ ತನಾ ಇರಬೇಕು." ಬೀಡಿಯಲ್ಲಿ ಆಗಲೇ ಇನ್ನೊಂದು ಮಾತು ಎದ್ದಿತ್ತು. ಗುಣವಾಗದ ಸೊಸೆಯನ್ನು ಕಟ್ಟಿಕೊಂಡು ಮಗ ಎಷ್ಟು ದಿನ ಇರಬೇಕು ಎಂದು ಅತ್ತೆ ಊರವರ ಮುಂದೆ ಕೇಳುತ್ತಿದ್ದಳಂತೆ. ಅದು ನಮ್ಮ ಮನೆಯವರೆಗೂ ಬಂದು ಮುಟ್ಟಿತು.

ಮಳೆಗಾಲದಲ್ಲಿ ಸ್ವಲ್ಪ ಗುಣ ಕಂಡಂತಾಯಿತು, ಮತ್ತೆ ಕೆಟ್ಟಿತು. 1984ರ ಜನವರಿಯಲ್ಲಿ ಜ್ವರ ಮರಳಿ ಬಂತು. ಕಫ ವಾಸನೆ ಹೊಡೆಯತೊಡಗಿತು, ಅದರಲ್ಲಿ ರಕ್ತದ ಎಳೆ ಕಾಣಿಸಿತು. ಡಾಕ್ಟರು ಮತ್ತೆ ಮೊದಲಿನಿಂದ ಸೂಜಿ ಎಂದರು. ಮಾರ್ಚ್ ಮೊದಲ ವಾರದಲ್ಲಿ ಅವರು ಯಾವುದೋ ಮದುವೆಗೆ ಊರಿಗೆ ಹೋದದ್ದು ಅಕ್ಕನ ಪುಣ್ಯ. ಅವರ ಜಾಗದಲ್ಲಿ ಕುಳಿತಿದ್ದ ತರುಣ ಡಾಕ್ಟರು ಅಕ್ಕನ ಬೆನ್ನಿಗೆ ಸ್ಟೆಥಾಸ್ಕೋಪ್ ಹಚ್ಚಿ ಬಹಳ ಹೊತ್ತು ಕೇಳಿದರು. ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು, ಮತ್ತೆ ಬಲಕ್ಕೆ.

"ಬಲಗಡಿ ಕೆಳಗ ಅಷ್ಟ ಸೀಟಿ ಹೊಡದಂಗ ಕೇಳಸ್ತದ. ಎಕ್ಸ್‌ರೇದಾಗೂ ಒಂದು ವರ್ಷದಿಂದ ಡಾಗ ಅಲ್ಲೇ ಐತಿ, ಹೆಚ್ಚಾಗಿಲ್ಲ, ಕಡಿಮಿ ಆಗಿಲ್ಲ. ಒಳಗ ನೋಡಬೇಕ್ರಿ."

"ಒಳಗ ಅಂದ್ರ?" ಎಂದರು ಅಪ್ಪ.

"ಬಾಯಿಯಿಂದ ಶ್ವಾಸನಾಳದೊಳಗ ಕೊಳವಿ ಬಿಟ್ಟು, ದೀಪ ಹಾಕಿ ನೋಡ್ತಾರ. ಅದಕ್ಕ ಬ್ರಾಂಕೋಸ್ಕೋಪಿ ಅಂತಾರ. ದೊಡ್ಡ ದವಾಖಾನಿಯೊಳಗ ಕಿವಿ ಮೂಗು ಗಂಟಲಿನ ಡಾಕ್ಟರು ಮಾಡ್ತಾರ."

ಆ ರಾತ್ರಿ ಮನೆಯಲ್ಲಿ ಅದೇ ಮಾತು. ಹೊಟ್ಟೆಗೆ ಕೊಳವೆ ಬಿಟ್ಟು ನೋಡಿಸಿಕೊಂಡವರು ನಮ್ಮ ಓಣಿಯಲ್ಲೂ ಒಬ್ಬರಿದ್ದರು. ಆದರೆ ಉಸಿರಿನ ದಾರಿಯಲ್ಲಿ ಕೊಳವೆ? "ದಾರಿಯೊಳಗ ಕಬ್ಬಿಣದ ಕೊಳವಿ ಇಟ್ರ ಉಸಿರು ಹ್ಯಾಂಗ ಆಡಬೇಕು?" ಎಂದಳು ಅವ್ವ. ಸರಿಯಾದ ಪ್ರಶ್ನೆಯೇ. ಆಮೇಲೆ ಕೇಳಿ ತಿಳಿದುಕೊಂಡೆ: ಕೊಳವೆ ಟೊಳ್ಳು, ಅದರ ಮಗ್ಗುಲಲ್ಲಿ ಸಣ್ಣ ಬಾಯಿ ಇರುತ್ತದೆ, ಉಸಿರಿಗೆ ಬೇಕಾದ ಆಕ್ಸಿಜನ್ ಅದರ ಮೂಲಕವೇ ಒಳಗೆ ಹೋಗುತ್ತದೆ. ಆ ರಾತ್ರಿ ಅದು ನಮಗಾರಿಗೂ ಗೊತ್ತಿರಲಿಲ್ಲ.

ದೊಡ್ಡಾಸ್ಪತ್ರೆಯವರು ಮಾರ್ಚ್ 14, ಬುಧವಾರ ಎಂದು ದಿನ ಕೊಟ್ಟರು. ಆದರೆ ಗಂಡನ ಸಹಿ ಬೇಕು ಎಂದರು. ಅಕ್ಕನಿಗೆ ಇಪ್ಪತ್ತೆರಡು ವರ್ಷ. ಅವಳ ಕೊಳವೆಗೆ ಅವಳ ಸಹಿ ನಡೆಯುವುದಿಲ್ಲ. ಹದಿನಾಲ್ಕರಂದು ಬೆಳಿಗ್ಗೆಯಿಂದ ನೀರೂ ಕುಡಿಯದೆ ಅಕ್ಕ ಬೆಂಚಿನ ಮೇಲೆ ಕುಳಿತಳು. ಗಂಡ ಬರಲಿಲ್ಲ. ಹನ್ನೆರಡು ಗಂಟೆಗೆ ನರ್ಸ್ ಬಂದು, "ಇನ್ನ ಮುಂದಿನ ಬುಧವಾರ ನೋಡ್ರಿ," ಎಂದಳು.

ಮರುದಿನ ನಾನು ಕಾಲೇಜಿಗೆಂದು ಹೇಳಿ ಬಸ್ಸು ಹತ್ತಿ ಮಚ್ಛೆಗೆ ಹೋದೆ. ತಗಡಿನ ಶೆಡ್ಡಿನಲ್ಲಿ ಆರೇಳು ಜನ, ಎಲ್ಲರ ಕೈಯೂ ಎಣ್ಣೆ. ನನ್ನನ್ನು ನೋಡಿ ಅಕ್ಕನ ಗಂಡ ಯಂತ್ರ ನಿಲ್ಲಿಸಿದರು.

"ಮಾಮಾ, ನಿನ್ನೆ ಯಾಕ ಬರಲಿಲ್ಲ?"

"ಹೆಣ್ಣಮಕ್ಕಳು ಕಾರಖಾನಿಗೆ ಬರೂದೇನವಾ? ಮಂದಿ ಏನಂದಾರು?"

"ಯಾಕ ಬರಲಿಲ್ಲ ಅಂತ ಕೇಳಿದೆ."

"ಅಪ್ಪಗ ಒಂದ ಮಾತ ಕೇಳಬೇಕು. ರವಿವಾರ ಊರಿಗೆ ಹೋಗ್ತೀನಿ, ಕೇಳಿ ಬರ್ತೀನಿ."

"ಗಂಟಲಾ ನಿಮ್ಮಪ್ಪಂದೇನ್ರಿ?"

ಪಕ್ಕದ ಯಂತ್ರದವನು ನಕ್ಕ. "ಅರೇ ಜಾ, ಸಹೀ ಕರೂನ್ ಯೇ!" ಹೋಗಿ ಸಹಿ ಮಾಡಿ ಬಾರೋ ಎಂದು ಕೂಗಿದ. ಮಾಮಾ ಕಿವಿಯವರೆಗೆ ಕೆಂಪಾದರು. ಆದರೂ ರವಿವಾರ ಬೀಡಿಗೆ ಹೋಗಿ ಕೇಳಿಯೇ ಬಂದರು. "ಬೀಗರು ಜವಾಬ್ದಾರಿ ತೊಗೊಂಡ್ರ ಮಾಡ್ಲಿ" ಎಂದು ಮಾವನ ಅಪ್ಪಣೆಯಾಯಿತು. ಕೆಟ್ಟವರೇನಲ್ಲ ಈ ಮಾಮಾ. ಅಪ್ಪನನ್ನು ಕೇಳದೆ ಅಂಗಿ ಬಣ್ಣವನ್ನೂ ಆರಿಸದ ಮನುಷ್ಯ, ಅಷ್ಟೇ. ಅಂಥವರ ಒಳ್ಳೆಯತನದಿಂದ ಅಕ್ಕನಿಗೆ ಇನ್ನೊಂದು ವಾರ ಜ್ವರ.

20ರಂದು ಸಂಜೆ ಅಕ್ಕನನ್ನು ಹೆಂಗಸರ ವಾರ್ಡಿನಲ್ಲಿ ಸೇರಿಸಿಕೊಂಡರು. ಮಾಮಾ ಸಹಿ ಮಾಡಿ ಕಿಟಕಿಯ ಬಳಿ ನಿಂತಿದ್ದರು. ಐದೂವರೆಗೆ, ಮರುದಿನ ಕೊಳವೆ ಹಾಕಬೇಕಿದ್ದ ಡಾಕ್ಟರು ಬಂದರು. ಐವತ್ತರ ಹತ್ತಿರದ ಹೆಂಗಸು, ದಪ್ಪ ಕನ್ನಡಕ, ಬಿಗಿದು ಕಟ್ಟಿದ ತುರುಬು. ಮಂಚದ ಪಕ್ಕ ನಿಂತು ಕೇಳತೊಡಗಿದರು.

"ಹಲ್ಲು ಯಾವರ ಅಲ್ಲಾಡ್ತಾವೇನು?"

"ಇಲ್ರೀ, ಗಟ್ಟಿ ಅದಾವ," ಎಂದರು ಅಪ್ಪ.

"ಕಟ್ಟಿಸಿದ ಹಲ್ಲು?"

"ಇಲ್ರೀ."

"ಮೊದಲ ಎಂದರ ಎಚ್ಚರ ತಪ್ಪಸಾಕ ಬೇಹೋಷಿ ಕೊಟ್ಟಿದ್ರೇನು?"

"ಇಲ್ರೀ. ಹೆರಿಗಿ ಮನ್ಯಾಗ ಆಗೇತಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು. "ಯಜಮಾನ್ರ, ಈಕಿ ಹಲ್ಲು ನಿಮ್ಮ ಬಾಯಾಗ ಅದಾವೇನ್ರಿ?"

ಪಕ್ಕದ ಮಂಚದ ಮುದುಕಿ ಕಿಸಕ್ಕೆಂದಳು.

"ಹಂಗಲ್ರೀ ಬಾಯಾರ, ಆಕಿ ಸಣ್ಣಾಕಿ, ಆಕೀಗೆ ಏನ ತಿಳೀತದ..."

"ಒಂದು ಕೂಸು ಹಡದಾಳ. ತನ್ನ ಬಾಯಾಗಿನ ಹಲ್ಲು ಆಕೀಗೆ ತಿಳೀತಾವ. ಹೊರಗ ನಡೀರಿ. ಕಿಡಕಿ ಬಾಜು ನಿಂತೀರಲ್ಲ, ನೀವೂ."

ಅಪ್ಪ ಮತ್ತು ಮಾಮಾ ಹೊರಗೆ ಹೋದರು. ನನಗೆ ಯಾರೂ ಹೋಗೆನ್ನಲಿಲ್ಲ. ಡಾಕ್ಟರು ಮಂಚದ ಮೇಲೆ ಅಕ್ಕನ ಕಾಲ ಬಳಿ ಕುಳಿತರು. "ಬಾಯಿ ಮ್ಯಾಲಿನ ಸೆರಗ ತಗೀವಾ. ನಾಳೆ ಆ ಬಾಯಾಗ ನಾ ಕೊಳವಿ ಹಾಕಾಕಿ." ಅಕ್ಕ ಸೆರಗು ತೆಗೆದಳು. ಹಲ್ಲು ನೋಡಿದರು, ಕತ್ತು ಹಿಂದಕ್ಕೆ ಬಾಗಿಸಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆಯಂತೆಯೇ ಕೇಳಿದರು:

"ಎಂದರ ಏನರ ಗಂಟಲಕ್ಕ ಸಿಕ್ಕಿತ್ತೇನು? ಕಾಳು, ಬೀಜ, ಗುಂಡಿ?"

ಅಕ್ಕ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಅಡಿಕಿ ಹೋಳ್ರಿ," ಎಂದಳು.

ಡಾಕ್ಟರು ಮತ್ತೆ ಪೆನ್ನು ಎತ್ತಿಕೊಂಡರು. "ಎಂದು?"

"ಹ್ವಾದ ವರ್ಷದ ಹಿಂದಿನ ವರ್ಷ್ರಿ. ಸಸಿ ಹಚ್ಚು ಮುಂದ."

ಅಕ್ಕ ಹೇಳಿದ್ದು ಇಷ್ಟು. 1982ರ ಮಳೆಗಾಲ, ಕೆರೆಯ ಕೆಳಗಿನ ಗದ್ದೆಯಲ್ಲಿ ಭತ್ತದ ನಾಟಿ. ಹೆಂಗಸರೆಲ್ಲ ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಾಗಿ ಬಗ್ಗಿದ್ದರು. ಚಳಿಗೆಂದು ಅತ್ತೆಯೇ ಎಲ್ಲರಿಗೂ ಒಂದೊಂದು ಅಡಿಕೆ ಹೋಳು ಹಂಚಿದ್ದಳು. ಅದನ್ನು ದವಡೆಯಲ್ಲಿಟ್ಟುಕೊಂಡು ಹಾಡುತ್ತ, ಚೇಷ್ಟೆ ಮಾಡುತ್ತ ಹಚ್ಚುವುದು ಅಲ್ಲಿಯ ವಾಡಿಕೆ. ಅಷ್ಟರಲ್ಲಿ ಬದುವಿನ ಮೇಲೆ ಮಾವ ಬಂದರು. ಬಂದವರು ನೇರವಾಗಿ ಅಕ್ಕನನ್ನೇ, "ಸಸಿ ಕಟ್ಟು ಎಷ್ಟ ಉಳದಾವವಾ?" ಎಂದು ಕೇಳಿದರು. ಸೊಸೆ ಮಾವನ ಮುಂದೆ ಬಾಯಾಡಿಸಬಾರದು, ಉಗುಳುವುದಂತೂ ಆಗದ ಮಾತು. ಉತ್ತರ ಕೊಡದೆ ನಿಲ್ಲುವುದೂ ತಪ್ಪು. ಅಕ್ಕ ಹೋಳನ್ನು ನುಂಗಿ ಉತ್ತರ ಕೊಡಲು ಹೋದಳು. ಎರಡೂ ಒಟ್ಟಿಗೆ ಆಗಲಿಲ್ಲ. ಕೆಸರಲ್ಲಿ ಕುಸಿದು ಕೆಮ್ಮಿದಳು, ಕಣ್ಣು ಕೆಂಪಾಯಿತು, ಉಸಿರು ಸಿಗಲಿಲ್ಲ. ಕೆಮ್ಮುವುದೂ ಮರ್ಯಾದೆಗೇಡು ಎಂದು ಸೆರಗು ತುರುಕಿಕೊಂಡು ಕೆಮ್ಮಿದಳು. ಸೊಸೆ ಮುಜುಗರಪಡುತ್ತಾಳೆಂದು ಮಾವ ಬೆನ್ನು ತಿರುಗಿಸಿ ನಡೆದುಬಿಟ್ಟರು. ಹೆಂಗಸರು, "ಮಾವನ್ನ ನೋಡಿ ಜೀವಾನ ಬಾಯಿಗೆ ಬಂತ ನೋಡ್ರಿ ಈಕಿದು!" ಎಂದು ನಕ್ಕರು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಅವಳು ಎದ್ದು ಕತ್ತಲಾಗುವವರೆಗೆ ಸಸಿ ಹಚ್ಚಿದಳು.

"ಆಮ್ಯಾಲ ಏನೂ ಆಗಲಿಲ್ರಿ. ಹೊಟ್ಟಿಗೆ ಹೋಗಿರಬೇಕು ಅಂದ್ಕೊಂಡ್ನಿ. ದೀಪಾವಳಿಗೆ ಜ್ವರ ಬಂತು."

"ಹಂಗ ಆಗ್ತದ. ಮೊದಲ ಕೆಮ್ಮಿ ಕೆಮ್ಮಿ ಸುಮ್ಮನಾಗ್ತದ, ಒಳಗ ಗೂಡು ಮಾಡಿಕೊಂಡು ಕುಂದರ್ತದ. ಉಗುಳಬೇಕಿಲ್ಲೇನವಾ ಹುಚ್ಚಿ?"

"ಮಾವಾರ ಮುಂದ ಹ್ಯಾಂಗ ಉಗಳಲ್ರಿ?"

"ಈ ಮಾತ ಇಷ್ಟ ದಿನ ಯಾರಿಗೂ ಹೇಳಿಲ್ಲ?"

ಅಕ್ಕ ಆಶ್ಚರ್ಯದಿಂದ ಅವರನ್ನು ನೋಡಿದಳು. "ಯಾರೂ ಕೇಳಿಲ್ರಿ."

ನಾನು ಅಲ್ಲಿಯೇ ಕುಳಿತಿದ್ದೆ, ಎಕ್ಸ್‌ರೇ ಚೀಲ ತೊಡೆಯ ಮೇಲಿಟ್ಟುಕೊಂಡು. ಎದ್ದು ಹೊರಗೆ ಹೋಗಿ ಕಾರಿಡಾರಿನಲ್ಲಿ ಕುಳಿತಿದ್ದ ಆ ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು.

ಮಾರ್ಚ್ 21, ಬುಧವಾರ. ಬೆಳಿಗ್ಗೆ ನರ್ಸ್ ಬಂದು ತಾಳಿ, ಬಳೆ, ಕಾಲುಂಗುರ ಎಲ್ಲ ತೆಗೆಯಿರಿ ಎಂದಳು. ಕೊರಳಲ್ಲಿದ್ದ ಲಿಂಗವನ್ನೂ ತೆಗೆಯಿರಿ ಎಂದಾಗ ಅವ್ವ ಅಡ್ಡ ನಿಂತಳು. ಲಿಂಗ ಮೈಬಿಟ್ಟು ಹೋಗಬಾರದು. ಡಾಕ್ಟರು ಬಾಗಿಲಿಂದಲೇ, "ಬಟ್ಟಿ ಸುತ್ತಿ ಎಡಗೈಗೆ ಕಟ್ರಿ. ನನಗ ಗಂಟಲಾ ಅಷ್ಟ ಬೇಕು," ಎಂದು ಹೇಳಿ ಹೋದರು. ಹತ್ತು ಗಂಟೆಗೆ ಒಳಗೆ ಕರೆದೊಯ್ದರು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು.

ಒಳಗೆ ಏನಾಯಿತೆಂದು ಆಮೇಲೆ ಡಾಕ್ಟರೇ ಹೇಳಿದರು. ಬಲಕ್ಕೆ ಹೋಗುವ ದಾರಿ ಎಡದ್ದಕ್ಕಿಂತ ನೆಟ್ಟಗೆ ಇರುತ್ತದೆ, ಬಿದ್ದದ್ದು ಸಾಮಾನ್ಯವಾಗಿ ಅತ್ತಲೇ ಇಳಿಯುತ್ತದೆ. ಅಡಿಕೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಒಂದು ವರ್ಷ ನಾವೆಲ್ಲ ದೀಪಕ್ಕೆ ಹಿಡಿದು ನೋಡಿದ ಕಲೆ, ಅದರ ಹಿಂದೆ ಕಟ್ಟಿಕೊಂಡ ಕೀವು. ಹೋಳಿನ ಸುತ್ತ ಮಾಂಸ ಬೆಳೆದು ಮುಚ್ಚಿತ್ತು, ಮುಟ್ಟಿದರೆ ರಕ್ತ. ಉದ್ದನೆಯ ಚಿಮಟದಿಂದ ಮೂರು ಸಲ ಹಿಡಿದರೂ ಜಾರಿತು, ನಾಲ್ಕನೆಯ ಸಲಕ್ಕೆ ಬಂತು.

ಹನ್ನೊಂದೂವರೆಗೆ ಅವರು ಬಟ್ಟಲೊಂದನ್ನು ಹಿಡಿದು ಹೊರಗೆ ಬಂದರು. ಹತ್ತಿಬಟ್ಟೆಯ ಮೇಲೆ ಕಪ್ಪನೆಯದೊಂದು ಚೂರು, ಕಿರುಬೆರಳ ಉಗುರಿಗಿಂತ ಸಣ್ಣದು, ನಾರುವಂಥದ್ದು.

"ಇದೇನ್ರಿ?" ಎಂದರು ಅಪ್ಪ.

"ನಿಮ್ಮ ಮಗಳ ಟೀಬಿ."

ಅಪ್ಪ ಬಟ್ಟಲನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಏನು ಹೇಳಿದರು ಗೊತ್ತೇ? "ನಾವು ಮೊದಲ ಕೇಳಿದ್ವಿರಿ ಬಾಯಾರ. ಆಕಿನ ಹೇಳಲಿಲ್ಲ."

ಕೊಳವೆ ಹೋಗಿ ಬಂದ ಗಂಟಲು. ಅಕ್ಕನಿಗೆ ಎರಡು ದಿನ ಮಾತಾಡಲು ಆಗುತ್ತಿರಲಿಲ್ಲ. ಆ ಮಾತನ್ನು ಎದುರಿಸಲು ಅವಳ ಬಾಯಿ ಇರಲಿಲ್ಲ. ನಾನೇ ಕೇಳಿದೆ: "ಯಾವಾಗ ಕೇಳಿದಿ ಅಪ್ಪಾ?"

"ದೊಡ್ಡವರ ಮುಂದ ಬಾಯಿ ಮಾಡಬ್ಯಾಡ," ಎಂದರು ಅಪ್ಪ.

ಇದೇ ಪಾಠ ಕಲಿತು ಅಕ್ಕ ಹೋಳು ನುಂಗಿದ್ದು. ಈ ಮಾತು ನಾನು ಅಲ್ಲಿಯೇ, ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಿದೆ. ಅಪ್ಪ ನನ್ನ ಜೊತೆ ಯುಗಾದಿಯವರೆಗೆ ಮಾತು ಬಿಟ್ಟರು.

ಮಾತು ಬಂದ ಕೂಡಲೇ ಅಕ್ಕ ಕೇಳಿದ್ದು ಒಂದೇ: "ಆ ಹೋಳು ನನಗ ಕೊಡ್ರಿ." ಡಾಕ್ಟರು ಅದನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಸುತ್ತ ಬೆಳೆದಿದ್ದ ಮಾಂಸವನ್ನು ಪರೀಕ್ಷೆಗೆ ಕಳಿಸಿದ್ದರು, ಅದರಲ್ಲಿ ಟೀಬಿ ಇರಲಿಲ್ಲ. ಒಂದು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಕಲೆ ಬಹಳಷ್ಟು ಇಳಿದಿತ್ತು. "ಆದ್ರ ಕೆಳಗಿನ ಭಾಗ ಹಿಗ್ಗಿ ಕೆಟ್ಟೇತಿ," ಎಂದರು ಡಾಕ್ಟರು. "ಮೊದಲ ತಗದಿದ್ರ ಹಿಂಗಾಗತಿರಲಿಲ್ಲ. ಮಳಿಗಾಲಕ್ಕ ಕೆಮ್ಮು ಬರ್ತದ. ಯಾರಿಗೂ ಅಂಟೂದಲ್ಲ, ಎಲ್ಲಾರಿಗೂ ಹೇಳ್ರಿ."

1984ರ ಏಪ್ರಿಲ್ 26, ಗುರುವಾರ. ಅಪ್ಪ ಅಂಗಡಿ ಬಿಟ್ಟು ಬರಲಾಗದು ಎಂದರು. ನಾನೂ ಅಕ್ಕನೂ ಖಾನಾಪುರದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಬೀಡಿ ತಲುಪಿದೆವು. ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಅತ್ತೆ ಬಾಗಿಲಲ್ಲಿ. ಅವಳ ಹಿಂದೆ ವಾರಗಿತ್ತಿ, ಸೊಂಟದ ಮೇಲೆ ಕೂಸು. ಅಕ್ಕ ಬಾಟಲಿಯನ್ನು ಮಾವನ ಮುಂದೆ ಇಟ್ಟಳು.

ಮಾವ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. "ಇಷ್ಟ ಸಣ್ಣದಾ?"

"ಅಡಿಕಿ ನಾವೂ ತಿಂತೀವಿ," ಎಂದಳು ಅತ್ತೆ. "ನಮಗ ಯಾಕ ಟೀಬಿ ಆಗಿಲ್ಲ?"

"ಟೀಬಿ ನನಗೂ ಆಗಿರಲಿಲ್ರಿ ಅತ್ತ್ಯಾರ." ಅಕ್ಕ ಮಾವನ ಕಡೆ ತಿರುಗಿದಳು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರ ಮುಖ ನೋಡಿ ಅವಳು ಮಾತಾಡಿದ್ದು ಅದೇ ಮೊದಲು. "ಮಾವಾರ, ಕಟ್ಟು ಎಷ್ಟ ಉಳದಾವ ಅಂತ ಕೇಳಿದ್ರಿ. ನಿಮ್ಮ ಮುಂದ ಬಾಯಿ ಆಡಸಬಾರದಂತ ನುಂಗಾಕ ಹೋದ್ನಿ."

ಮಾವ ಬಾಟಲಿಯನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ, "ನಾ ಏನ ಉಗುಳಬ್ಯಾಡ ಅಂದಿದ್ನೇನವಾ?" ಎಂದರು.

ನಿಜ, ಅವರು ಅಂದಿರಲಿಲ್ಲ. ಅನ್ನುವ ಅಗತ್ಯವೇ ಬೀಳದಂತೆ ಎಲ್ಲ ಮೊದಲೇ ವ್ಯವಸ್ಥೆಯಾಗಿತ್ತು.

ಅಕ್ಕ ಕೈ ಚಾಚಿದಳು. ಕೂಸು ವಾರಗಿತ್ತಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡಿತು. "ಅಮಾಸಿ ಆಗಲಿ ತಡಿ," ಎಂದಳು ಅತ್ತೆ. "ಆಮ್ಯಾಲ ನೋಡೂಣು." ಅಕ್ಕ ಟ್ರಂಕನ್ನು ತಾನೇ ಎತ್ತಿ ಹೊಸ್ತಿಲ ಒಳಗಿಟ್ಟು, ಬಾಗಿಲ ನಡುವೆ ಕುಳಿತಳು. "ಅಮಾಸಿ ತನಾ ಇಲ್ಲೇ ಕುಂದರ್ತೀನಿ. ದಾಟಿಕೊಂಡು ಅಡ್ಡಾಡ್ರಿ." ನಾನು ಸಂಜೆ ಬಸ್ಸಿಗೆ ಒಬ್ಬಳೇ ಬೆಳಗಾವಿಗೆ ಬಂದೆ.

ಅವಳನ್ನು ಎಬ್ಬಿಸಲು ಯಾರಿಗೂ ಆಗಲಿಲ್ಲ. ಕೂಸು ಮೊದಲು ಅವಳ ಬಳೆ ಮುಟ್ಟಿ ಓಡಿ ಹೋಗುತ್ತಿತ್ತಂತೆ, ಆಮೇಲೆ ಓಡದೆ ನಿಲ್ಲತೊಡಗಿತಂತೆ. ಜೂನ್ 3ರ ರಾತ್ರಿ ತಾನಾಗಿಯೇ ಬಂದು ಅವಳ ಮಗ್ಗುಲಲ್ಲಿ ಮಲಗಿತು. ಆ ತಾರೀಖು ಅಕ್ಕನೇ ಹೇಳಿ ಬರೆಸಿದ್ದು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಜುಲೈಯಲ್ಲಿ ಮಳೆ ಹಿಡಿಯಿತು, ಡಾಕ್ಟರು ಹೇಳಿದಂತೆಯೇ ಕೆಮ್ಮು ಬಂತು. ವಾರಗಿತ್ತಿ ಓಡಿ ಬಂದು ಅವಳ ತೊಡೆಯಿಂದ ಕೂಸನ್ನು ಕಿತ್ತುಕೊಂಡಳು. ಅತ್ತೆ ಮಾತಾಡದೆ ಒಂದು ತಾಟನ್ನು ಬೇರೆ ತೆಗೆದಿಟ್ಟಳು. ಅಕ್ಕ ಆ ತಾಟಿನಲ್ಲಿ ರೊಟ್ಟಿ ಮುರಿದು ಅಂಗಳದ ನಾಯಿಗೆ ಇಟ್ಟಳು, ಕೂಸನ್ನು ಮರಳಿ ತಂದುಕೊಂಡಳು, ಎಲ್ಲರ ಸಾಲಿನಲ್ಲಿ ಕುಳಿತು ಉಂಡಳು. ಮಾರನೆಯ ವರ್ಷದ ಮಳೆಗಾಲಕ್ಕೂ ಹೀಗೇ ಆಯಿತು, ಈ ವರ್ಷವೂ ಆಯಿತು. ಪ್ರತಿ ಮಳೆಗಾಲಕ್ಕೆ ಅವಳು ತನಗೆ ಟೀಬಿ ಇಲ್ಲವೆಂದು ಮೊದಲಿನಿಂದ ಹೇಳಬೇಕು. ನಮ್ಮ ಓಣಿಯ ಕಾಕು ಇಂದಿಗೂ ಅಕ್ಕ ಬಂದರೆ ಮಕ್ಕಳನ್ನು ಒಳಗೆ ಕರೆಯುತ್ತಾಳೆ. ಅಡಿಕೆಯ ಮಾತನ್ನು ಅವಳಿಗೆ ನಾಲ್ಕು ಸಲ ಹೇಳಿದ್ದೇನೆ, ಕನ್ನಡದಲ್ಲೂ ಮರಾಠಿಯಲ್ಲೂ.

ಒಂದು ಮಾತ್ರ ಬದಲಾಗಿದೆ. ಗದ್ದೆಯಲ್ಲಿ ಮಾವ ಬದುವಿನ ಮೇಲೆ ಬಂದು ಏನಾದರೂ ಕೇಳಿದರೆ, ಅಕ್ಕ ಬಾಯಲ್ಲಿದ್ದುದನ್ನು ಅವರ ಎದುರಿಗೇ ಥೂ ಎಂದು ಉಗುಳಿ, ಬಾಯಿ ಒರೆಸಿಕೊಂಡು ಉತ್ತರ ಹೇಳುತ್ತಾಳೆ. ಅವರು ಮುಖ ತಿರುಗಿಸುತ್ತಾರೆ. ಉಗುಳಬೇಡ ಎಂದು ಈಗಲೂ ಅನ್ನುವುದಿಲ್ಲ.

ನನ್ನ ಡೈರಿಯಲ್ಲಿ ಸೂಜಿಗಳ ಲೆಕ್ಕವಿದೆ, ಜ್ವರದ ಲೆಕ್ಕವಿದೆ. ಆ ನಾಟಿಯ ದಿನದ ತಾರೀಖು ಇಲ್ಲ, ಅಕ್ಕನಿಗೂ ನೆನಪಿಲ್ಲ. 1982ರ ಮಳೆಗಾಲದಲ್ಲಿ ಬೀಡಿಯ ಕೆರೆಯ ಕೆಳಗೆ ಸಸಿ ಹಚ್ಚಲು ಹೋಗಿ, ಒಬ್ಬ ಸೊಸೆ ಕೆಸರಲ್ಲಿ ಕುಸಿದು ಕೆಮ್ಮಿದ್ದನ್ನು ನೋಡಿದವರು ಯಾರಾದರೂ ಇದನ್ನು ಓದಿದರೆ, ಅಥವಾ ಓದಿಸಿ ಕೇಳಿದರೆ, ಅದು ಯಾವ ದಿನವೆಂದು ತಿಳಿಸಿ. ಹಾಗೆ ಹಿಗ್ಗಿ ಕೆಟ್ಟ ಶ್ವಾಸಕೋಶದ ಭಾಗ ಸರಿಹೋಗುವ ಉಪಾಯ ಗೊತ್ತಿದ್ದ ವೈದ್ಯರಿದ್ದರೆ ಅವರೂ ಬರೆಯಲಿ. ನಿಮ್ಮ ಮನೆಯಲ್ಲೂ ಗುಣವಾಗದ ಕೆಮ್ಮೊಂದು ಕಟ್ಟಿಗೆ ಕೋಣೆಯಲ್ಲಿ ಮಲಗಿದ್ದರೆ, ಮೊದಲು ಅವಳನ್ನು ಕೇಳಿ, ಬಾಗಿಲು ಹಾಕಿಕೊಂಡು. ಅವಳು ಹೇಳಿದ್ದನ್ನು ಆಮೇಲೆ ನನಗೆ ಬರೆಯಿರಿ. ಈ ಪುಸ್ತಕದ ಪ್ರಕಾಶಕರಿಗೆ ಕಳಿಸಿದರೆ ನನಗೆ ತಲುಪುತ್ತದೆ.